ಕಾಲ್ಬೆರಳ ಸಂದಿಯ ಫಂಗಸ್: ಯಾವ ಟ್ಯೂಬ್ ಕೊಳ್ಳಬೇಕು, ಯಾವುದನ್ನು ಮುಟ್ಟಬಾರದು

ಮಳೆಗಾಲದಲ್ಲಿ ಗಮ್‌ಬೂಟ್ ಹಾಕಿ ತೋಟ ಸುತ್ತುವವರಿಗೂ, ಸಂಜೆವರೆಗೆ ಶೂ ಬಿಚ್ಚದೆ ಆಫೀಸಿನಲ್ಲಿ ಕೂರುವವರಿಗೂ ಹತ್ತುವ ಫಂಗಸ್ ಹೆಚ್ಚಾಗಿ ಒಂದೇ, ಟ್ರೈಕೊಫೈಟಾನ್ ರೂಬ್ರಮ್. ಕಿರುಬೆರಳನ್ನು ಪಕ್ಕದ ಬೆರಳಿನಿಂದ ಬಿಡಿಸಿ ನೋಡಿ: ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗಾಗಿ, ಬುಡದಲ್ಲಿ ಸಣ್ಣ ಸೀಳು ಬಿಟ್ಟು, ಅಂಚಿನಲ್ಲಿ ಸಿಪ್ಪೆ ಏಳುತ್ತಿರುತ್ತದೆ. ಎಲ್ಲಕ್ಕಿಂತ ಇಕ್ಕಟ್ಟಾದ ಸಂದಿ ಅದೇ ಆದ್ದರಿಂದ ಸಾಮಾನ್ಯವಾಗಿ ಶುರುವಾಗುವುದೂ ಅಲ್ಲೇ.

ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವುದು ಕ್ಲೋಟ್ರಿಮಜೋಲ್ 1% ಕ್ರೀಮ್. ಅಗ್ಗ, ಉರಿಯುವುದಿಲ್ಲ. ಆದರೆ ಅದು ಮುಖ್ಯವಾಗಿ ಫಂಗಸ್ ಬೆಳೆಯದಂತೆ ತಡೆಯುತ್ತದೆಯೇ ಹೊರತು ಚೆನ್ನಾಗಿ ಕೊಲ್ಲುವುದಿಲ್ಲ. ಹಾಗಾಗಿ ದಿನಕ್ಕೆರಡು ಸಲ, ನಾಲ್ಕು ವಾರ ಹಚ್ಚಲೇಬೇಕು. ತುರಿಕೆ ಮೊದಲ ವಾರದಲ್ಲೇ ನಿಲ್ಲುತ್ತದೆ, ಜನ ಅಲ್ಲಿಗೇ ಕೈಬಿಡುತ್ತಾರೆ, ತಿಂಗಳೊಳಗೆ ಮತ್ತೆ ಬರುತ್ತದೆ.

ಟರ್ಬಿನಾಫಿನ್ 1% ಫಂಗಸನ್ನು ಕೊಲ್ಲುತ್ತದೆ. ಬೆರಳ ಸಂದಿಗೆ ದಿನಕ್ಕೆ ಒಂದೆರಡು ಸಲದಂತೆ ಒಂದು ವಾರ ಸಾಕು, ಅಂಗಾಲಿಗೆ ಹಬ್ಬಿದ್ದರೆ ಎರಡು ವಾರ. ಲುಲಿಕೊನಜೋಲ್ 1% ದಿನಕ್ಕೆ ಒಮ್ಮೆ, ಎರಡು ವಾರ. ಬೆಲೆ ಮಾತ್ರ ಜಾಸ್ತಿ. ಮೂರನ್ನೂ ಬಳಸಿ ನೋಡಿದ ಮೇಲೆ ಬರೀ ಬೆರಳ ಸಂದಿಗಾದರೆ ನಮ್ಮ ಮೊದಲ ಆಯ್ಕೆ ಟರ್ಬಿನಾಫಿನ್, ಕಾರಣ ಇಷ್ಟೇ: ಒಂದು ವಾರದ ಕೋರ್ಸನ್ನು ಯಾರಾದರೂ ಮುಗಿಸುತ್ತಾರೆ. ತೊಡೆಸಂದಿಯಲ್ಲೂ ಹುಳುಕಡ್ಡಿ ಇದ್ದರೆ ಮಾತು ಬೇರೆ. ಟರ್ಬಿನಾಫಿನ್‌ಗೆ ಬಗ್ಗದ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ತಳಿ ಭಾರತದಲ್ಲಿ ಹರಡಿದೆ, ಅದು ಹೆಚ್ಚಾಗಿ ತೊಡೆಸಂದಿ ಮತ್ತು ಮೈಮೇಲೆ ಕಾಣಿಸಿಕೊಳ್ಳುತ್ತದೆ. ಅಂಥವರು ಚರ್ಮದ ಡಾಕ್ಟರ ಹತ್ತಿರ ಹೋಗಬೇಕು.

ಯಾವ ಕ್ರೀಮ್ ಆದರೂ ಕಾಲು ತೊಳೆದು, ಪ್ರತಿ ಸಂದಿಯನ್ನೂ ಬಟ್ಟೆಯಿಂದ ಒತ್ತಿ ಒಣಗಿಸಿದ ಮೇಲೆ ತೆಳ್ಳಗೆ ಹಚ್ಚಿ, ಸುತ್ತಲಿನ ಚೆನ್ನಾಗಿರುವ ಚರ್ಮಕ್ಕೂ ಒಂದಿಂಚು ಸೇರಿಸಿ. ದಪ್ಪಗೆ ಮೆತ್ತಿದರೆ ಸಂದಿ ಒದ್ದೆಯಾಗೇ ಉಳಿದು ಚರ್ಮ ಇನ್ನಷ್ಟು ನೆನೆಯುತ್ತದೆ.

ದಯವಿಟ್ಟು ಟ್ಯೂಬಿನ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್ ಸೇರಿದ ಮುಲಾಮು. ಎರಡೇ ದಿನಕ್ಕೆ ತುರಿಕೆ ಮಾಯವಾಗುವುದರಿಂದ ಇದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಸ್ಟೆರಾಯ್ಡಿನಿಂದ ಚರ್ಮದ ಪ್ರತಿರೋಧ ಅಡಗಿದ್ದರಿಂದ ಫಂಗಸ್ ಸದ್ದಿಲ್ಲದೆ ಹಬ್ಬುತ್ತಿರುತ್ತದೆ, ನಿಲ್ಲಿಸಿದೊಡನೆ ಮೊದಲಿಗಿಂತ ಜೋರಾಗಿ ಏಳುತ್ತದೆ.

ವಿಟ್‌ಫೀಲ್ಡ್ ಮುಲಾಮು, ಅಂದರೆ ಬೆಂಜೋಯಿಕ್ ಆಮ್ಲ 6%, ಸ್ಯಾಲಿಸಿಲಿಕ್ ಆಮ್ಲ 3%, ದಪ್ಪಗಟ್ಟಿ ಸಿಪ್ಪೆ ಏಳುವ ಅಂಗಾಲಿಗೆ ಇಂದಿಗೂ ಉಪಯುಕ್ತ. ಸೀಳಿದ ಸಂದಿಗೆ ಹಚ್ಚಿದರೆ ಸಹಿಸಲಾಗದಷ್ಟು ಉರಿ.

ಕ್ಲೋಟ್ರಿಮಜೋಲ್ ಪೌಡರ್ ಒಂದನ್ನೇ ನಂಬಿ ಕೂರಬೇಡಿ. ಒದ್ದೆ ಕ್ರೀಮಿನ ಮೇಲೆ ಉದುರಿಸಿದರೆ ಗಂಟುಗಂಟಾಗುತ್ತದೆ. ರಾತ್ರಿ ಕ್ರೀಮ್, ಬೆಳಗ್ಗೆ ಒಣಕಾಲಿಗೂ ಶೂ ಒಳಗೂ ಪೌಡರ್: ಮರುಕಳಿಸದಂತೆ ತಡೆಯಲು ಈ ಜೋಡಿ ಚೆನ್ನ. ಒಂದೇ ಶೂ ದಿನಾ ಹಾಕದೆ ಎರಡು ಜೊತೆ ಬದಲಾಯಿಸಿ. ಸಾಕ್ಸನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಬಟ್ಟೆ ಹಾಕುವಾಗ ಸಾಕ್ಸ್ ಮೊದಲು, ಒಳಉಡುಪು ಆಮೇಲೆ. ಇಲ್ಲದಿದ್ದರೆ ಕಾಲಿನ ಫಂಗಸ್ ಬಟ್ಟೆಗೆ ತಗುಲಿ ತೊಡೆಸಂದಿಗೆ ಏರುತ್ತದೆ.

ಸಕ್ಕರೆ ಕಾಯಿಲೆ ಇರುವವರು ಸ್ವಂತ ಪ್ರಯೋಗ ಮಾಡಲೇಬಾರದು. ಸಂದಿಯ ಸೀಳಿನಿಂದ ಬ್ಯಾಕ್ಟೀರಿಯಾ ನುಗ್ಗಿ ಪಾದ ಕೆಂಪಗೆ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಳಿದಷ್ಟು ವಾರ ಹಚ್ಚಿದರೂ ಹೋಗದಿದ್ದರೆ ಸಿಪ್ಪೆ ಕೆರೆದು ಅದರಲ್ಲಿ ಫಂಗಸ್ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಒಎಚ್ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಅದು ಫಂಗಸ್ಸೇ ಆಗಿರುವುದಿಲ್ಲ, ಚಪ್ಪಲಿಯ ರಬ್ಬರಿನ ಅಲರ್ಜಿಯೋ ಸೋರಿಯಾಸಿಸ್ಸೋ ಆಗಿರುತ್ತದೆ.