ಇಗ್ಲೋಯಿ ಪದ್ಧತಿಯ ಓಟದ ತರಬೇತಿ: 12 ವಾರಗಳ ನಂತರ

ಹಂಗೆರಿಯ ತರಬೇತುದಾರ ಮಿಹಾಯ್ ಇಗ್ಲೋಯಿ ಅವರ ಪದ್ಧತಿಯೆಂದು ಹೇಳಿಕೊಳ್ಳುವ ಆನ್‌ಲೈನ್ ತರಬೇತಿಯೊಂದಕ್ಕೆ ನಾನು ಹಣ ಕಟ್ಟಿದ್ದು ಆ ಹೆಸರಿನ ಮೇಲಿನ ಗೌರವದಿಂದಲೇ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಡಿದ್ದ ಇಗ್ಲೋಯಿ, ಮುಂದೆ ಬುಡಾಪೆಸ್ಟ್‌ನಲ್ಲಿ ಇಹಾರೋಶ್, ರೋಜಾವೊಲ್ಗಿ, ತಾಬೋರಿ ಎಂಬ ಮೂವರನ್ನು ವಿಶ್ವದಾಖಲೆಯ ಮಟ್ಟಕ್ಕೆ ಬೆಳೆಸಿದರು. 1956ರ ಹಂಗೆರಿ ಕ್ರಾಂತಿಯ ನಂತರ ಅವರು ಅಮೆರಿಕ ಸೇರಿದ ಮೇಲೆ, ಅವರ ಕೈಯಲ್ಲಿ ಪಳಗಿದ ಜಿಮ್ ಬೀಟಿ 1962ರಲ್ಲಿ ಒಳಾಂಗಣ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮುಗಿಸಿದ ಮೊದಲಿಗರಾದರು.

ಪಾಠದ ತಿರುಳು ಸರಿಯಾಗಿಯೇ ಇದೆ. ದೀರ್ಘ ಓಟದ ಬದಲು 100, 150, 200 ಮೀಟರ್‌ಗಳ ಚಿಕ್ಕ ಓಟಗಳನ್ನು ಕಂತುಕಂತಾಗಿ, ಒಮ್ಮೆ ಹಗುರವಾಗಿ, ಒಮ್ಮೆ ಬಿರುಸಾಗಿ, ನಡುವೆ ನಿಧಾನದ ಜಾಗಿಂಗ್‌ನೊಂದಿಗೆ ಮಾಡಿಸುತ್ತಾರೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ಮಾಡಿದ ಮೊದಲ ಹತ್ತು ಸುತ್ತುಗಳು ನನಗೆ ನಿಜಕ್ಕೂ ಹಿತವಾಗಿದ್ದವು.

ಆದರೆ ಇಗ್ಲೋಯಿ ಟ್ರ್ಯಾಕಿನ ಪಕ್ಕದಲ್ಲಿ ನಿಂತು, ಪ್ರತಿಯೊಬ್ಬರ ನಡೆ ನೋಡಿ ಮುಂದಿನ ಕಂತನ್ನು ಹೇಳುತ್ತಿದ್ದವರು. ಇಲ್ಲಿ ಎಲ್ಲರಿಗೂ ಒಂದೇ ಪಿಡಿಎಫ್. ನಾಲ್ಕನೇ ವಾರ ಮೀನಖಂಡ ಹಿಡಿದುಕೊಂಡಿತೆಂದು ಬರೆದಾಗ, ‘ವೇಳಾಪಟ್ಟಿ ಅನುಸರಿಸಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಅನುಭವಿಗಳಿಗೆ ಇದು ಸಾಕಾಗಬಹುದು, ಹೊಸಬರಿಗೆ ನಾನು ಶಿಫಾರಸು ಮಾಡಲಾರೆ.