ಗಂಗಾವತಿಯ ಅಕ್ಕಿ ಗೋದಾಮಿನಲ್ಲಿ ವೈ-ಫೈ ನಿಗಾ ತಂತ್ರಾಂಶ: ಒಂದು ವಿಮರ್ಶೆ

ಗಂಗಾವತಿಯಲ್ಲಿರುವ ನಮ್ಮ ಅಕ್ಕಿ ಗಿರಣಿಯಲ್ಲಿ ವೇಬ್ರಿಡ್ಜ್‌ನಿಂದ ಹಿಡಿದು ಲಾರಿ ತುಂಬುವ ಕಟ್ಟೆಯವರೆಗೆ ಚೀಲಗಳ ಲೆಕ್ಕವೆಲ್ಲ ಈಗ ಕಂಪನಿಯ ಆಂಡ್ರಾಯ್ಡ್ ಫೋನ್‌ಗಳಲ್ಲೇ ನಡೆಯುತ್ತದೆ. ಆ ಫೋನ್‌ಗಳನ್ನು ನಿರ್ವಹಿಸುವ ತಂತ್ರಾಂಶಕ್ಕೆ ಹೆಚ್ಚುವರಿ ಹಣ ಕಟ್ಟಿ, ವೈ-ಫೈ ನಿಗಾ ಹಾಗೂ ಲೇಟೆನ್ಸಿ (ಕಳುಹಿಸಿದ ಸಂದೇಶಕ್ಕೆ ಉತ್ತರ ಮರಳಲು ಹಿಡಿಯುವ ಸಮಯ) ಪರೀಕ್ಷೆಯ ಸೌಲಭ್ಯವನ್ನು ಪಡೆದುಕೊಂಡಿದ್ದೇವೆ. ದೂರುಗಳೂ ಇರುವುದರಿಂದ ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಈ ತಂತ್ರಾಂಶ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುವುದು ಪರೀಕ್ಷೆಯ ಗುರಿಗಳನ್ನು, ಅಂದರೆ ಯಾವ ವಿಳಾಸಗಳಿಗೆ ಸಂದೇಶ ಕಳುಹಿಸಿ ನೋಡಬೇಕೆಂಬುದನ್ನು, ನಾವೇ ಬರೆದುಕೊಟ್ಟಾಗ ಮಾತ್ರ. ಅದರಲ್ಲಿ ಮೊದಲೇ ತುಂಬಿರುವ ವಿಳಾಸ 8.8.8.8, ಇಂಟರ್‌ನೆಟ್‌ನಲ್ಲಿರುವ ಗೂಗಲ್‌ನ ಸರ್ವರ್. ಅಲ್ಲಿಗೆ ಹೋದ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ತಡವಾಗಿ ಮರಳಿದರೆ, ದೋಷ ಗೋದಾಮಿನ ವೈ-ಫೈನಲ್ಲಿದೆಯೋ ಹೊರಗಿನ ಫೈಬರ್ ಸಂಪರ್ಕದಲ್ಲಿದೆಯೋ ಎಂಬುದು ಎಷ್ಟು ನೋಡಿದರೂ ತಿಳಿಯುವುದಿಲ್ಲ. ಆದ್ದರಿಂದ ನಾವು ಗಿರಣಿಯೊಳಗಿನ ರೂಟರ್, ಹೊರಗಿನ 8.8.8.8 ಮತ್ತು ಬಿಲ್ಲಿಂಗ್ ಸರ್ವರ್ ಎಂಬ ಮೂರು ಗುರಿಗಳನ್ನು ಕೊಟ್ಟೆವು. ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಇರಿಸಲ್ಪಟ್ಟಿರುವುದರಿಂದ ಬಿಲ್ಲಿಂಗ್ ಸರ್ವರ್‌ಗೆ ಎಚ್‌ಟಿಟಿಪಿಎಸ್ ಪರೀಕ್ಷೆಯನ್ನು (ಬ್ರೌಸರ್‌ನಂತೆ ಪುಟ ಕೇಳಿ ನೋಡುವುದು) ಆರಿಸಿದೆವು. ರೂಟರ್ ತಲುಪುವುದೇ ತಡವಾದರೆ ಏಣಿ ಹತ್ತಬೇಕಾದವರು ನಾವು. ರೂಟರ್‌ವರೆಗೆ ಸರಿಯಿದ್ದು ಅದರಾಚೆ ಎಲ್ಲವೂ ತಡವಾದರೆ ಇಂಟರ್‌ನೆಟ್ ಕೊಟ್ಟವರಿಗೆ ಫೋನ್ ಮಾಡಬಹುದು, ಅದೂ ಗ್ರಾಫ್ ಕೈಯಲ್ಲಿಟ್ಟುಕೊಂಡು.

ಸಿಗ್ನಲ್ ದಾಖಲೆಯ ಉಪಯೋಗ ಗೋದಾಮು ತುಂಬಿದಾಗ ಕಾಣುತ್ತದೆ. ಒಣಗಿಸಿ ಇಟ್ಟ ಧಾನ್ಯದಲ್ಲೂ ಶೇ. 13-14ರಷ್ಟು ತೇವ ಇರುತ್ತದೆ, ಮತ್ತು ವೈ-ಫೈ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ. ಹೀಗಾಗಿ ಖಾಲಿ ಗೋದಾಮಿನಲ್ಲಿ ಚೆನ್ನಾಗಿ ಸಿಗುತ್ತಿದ್ದ ಸಿಗ್ನಲ್, ಚೀಲಗಳನ್ನು ಮಾಡಿನವರೆಗೆ ಒಟ್ಟಿದ ಮೇಲೆ ಎರಡು ಸಾಲುಗಳ ನಡುವಿನ ಓಣಿಯಲ್ಲಿ ಕುಸಿಯುತ್ತದೆ. ಧ್ವನಿ ಕರೆಗೆ ಮೈನಸ್ 67 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಸಾಕೆಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಹಿಡಿಯುವ ಮಿತಿ; ಅಲ್ಲಿಂದ ಮೈನಸ್ 70ಕ್ಕೆ ಇಳಿದರೆ ಅಂಕಿಯಲ್ಲಿ ಮೂರೇ ಕಡಿಮೆಯಾದಂತೆ ಕಂಡರೂ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ವೈ-ಫೈ ಹರಡುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟ್ ಒಂದನ್ನು ಗೋಡೆಯಿಂದ ಕಿತ್ತು ಓಣಿಯ ನೇರಕ್ಕೆ ತೂಗುಹಾಕಿದ್ದು ಈ ದಾಖಲೆಯನ್ನು ನೋಡಿಯೇ.

ಅಲರ್ಟ್‌ಗಳ ವಿಷಯದಲ್ಲಿ ತಯಾರಕರ ಆಯ್ಕೆ ನನಗೆ ಒಪ್ಪಿಗೆಯಾಗಲಿಲ್ಲ. ಲೇಟೆನ್ಸಿಯ ಸರಾಸರಿ 150 ಮಿಲಿಸೆಕೆಂಡು ದಾಟಿದರೆ ಎಚ್ಚರಿಸುವಂತೆ ಅದು ಮೊದಲೇ ಹೊಂದಿಸಲ್ಪಟ್ಟಿದೆ. ಆದರೆ ಹತ್ತು ಪರೀಕ್ಷೆಗಳಲ್ಲಿ ಒಂಬತ್ತು 10 ಮಿಲಿಸೆಕೆಂಡಿನಲ್ಲಿ ಮುಗಿದು ಒಂದು ಮಾತ್ರ 900 ತೆಗೆದುಕೊಂಡರೆ ಸರಾಸರಿ 99ರಲ್ಲೇ ನಿಲ್ಲುತ್ತದೆ. ಅಲರ್ಟ್ ಬರುವುದಿಲ್ಲ, ಹಮಾಲರು ಮಾತ್ರ ಚೀಲ ಹೊತ್ತು ಫೋನ್‌ನ ಪರದೆಯಲ್ಲಿ ತಿರುಗುವ ಚಕ್ರವನ್ನು ನೋಡುತ್ತ ನಿಂತಿರುತ್ತಾರೆ. ಸರಾಸರಿಯನ್ನು ಬಿಟ್ಟು, 95ನೆಯ ಪರ್ಸೆಂಟೈಲ್ (ನೂರರಲ್ಲಿ 95 ಪರೀಕ್ಷೆಗಳು ಮುಗಿಯುವ ಸಮಯ) ಮತ್ತು ಪ್ಯಾಕೆಟ್ ನಷ್ಟಕ್ಕೆ (ದಾರಿಯಲ್ಲೇ ಕಳೆದುಹೋದ ಸಂದೇಶಗಳ ಪಾಲು) ಮಿತಿ ಹಾಕಿದರೆ ಇಂಥವು ಸಿಕ್ಕಿಬೀಳುತ್ತವೆ. ಆ ಆಯ್ಕೆ ಇದೆ, ಆದರೆ ಮೂರು ಪುಟ ಒಳಗೆ ಅಡಗಿದೆ.

ಇನ್ನೂ ದೊಡ್ಡ ಆಕ್ಷೇಪವೆಂದರೆ, ಆಂಡ್ರಾಯ್ಡ್‌ನ ಕಟ್ಟುಪಾಡುಗಳನ್ನು ಈ ತಂತ್ರಾಂಶ ಎಲ್ಲಿಯೂ ವಿವರಿಸುವುದಿಲ್ಲ. ಸುತ್ತಲಿನ ಜಾಲಗಳನ್ನು ನಿಮಿಷಕ್ಕೊಮ್ಮೆ ಸ್ಕ್ಯಾನ್ ಮಾಡುವ ಆಯ್ಕೆಯನ್ನು ಅದು ಧಾರಾಳವಾಗಿ ತೋರಿಸುತ್ತದೆ. ಆದರೆ ಹಿನ್ನೆಲೆಯಲ್ಲಿರುವ ಆಪ್‌ಗಳಿಗೆಲ್ಲ ಸೇರಿ 30 ನಿಮಿಷಕ್ಕೆ ಒಂದೇ ಸ್ಕ್ಯಾನ್ ಎಂಬ ಮಿತಿ ಆಂಡ್ರಾಯ್ಡ್‌ನಲ್ಲಿದೆ. 2015ರ ಆಂಡ್ರಾಯ್ಡ್ 6ರೊಂದಿಗೆ ಬಂದ ಡೋಜ್ ವ್ಯವಸ್ಥೆ, ಪರದೆ ಆರಿಸಿ ಮೇಜಿನ ಮೇಲಿಟ್ಟ ಫೋನ್‌ನ ನೆಟ್‌ವರ್ಕ್ ಬಳಕೆಯನ್ನು ಮುಂದೂಡುತ್ತದೆ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಈ ಆಪ್‌ಗೆ ವಿನಾಯಿತಿ ಕೊಡದಿದ್ದರೆ, ನಿದ್ರಿಸುತ್ತಿದ್ದ ಫೋನ್ ಗ್ರಾಫ್‌ನಲ್ಲಿ ಸಂಪರ್ಕ ಕಡಿದ ಫೋನ್‌ನಂತೆಯೇ ಕಾಣುತ್ತದೆ.

ವೈ-ಫೈ ಜಾಲದ ಹೆಸರನ್ನು ಓದಲು ಆಂಡ್ರಾಯ್ಡ್ 10ರಿಂದ ಈಚೆಗೆ ನಿಖರ ಲೊಕೇಶನ್ ಅನುಮತಿ ಬೇಕು. ಅದನ್ನು ಕೊಡುವಂತೆ ಪರದೆಯ ಮೇಲೆ ಕೋರಿಕೆ ಬಂದ ಕೂಡಲೇ ಕಟ್ಟೆಯ ಗುಮಾಸ್ತರು ಕೇಳಿದ್ದು, “ನಾವ್ ಎಲ್ಲಿ ಅದೀವಿ ಅಂತ ನೋಡಾಕ ಇದನ್ನ ಹಾಕೀರೇನ್ರಿ?” ಅವರ ಪ್ರಶ್ನೆ ನ್ಯಾಯವಾದುದೇ. ಲೊಕೇಶನ್ ದಾಖಲೆಯನ್ನು ಸರ್ವರ್‌ಗೆ ಕಳುಹಿಸದಂತೆ ಬೇರೆ ಸೆಟ್ಟಿಂಗ್‌ನಲ್ಲಿ ಆರಿಸಿ, ಅದನ್ನು ಅವರಿಗೂ ತೋರಿಸಿದ ಮೇಲೆಯೇ ಅನುಮತಿ ಪಡೆದೆವು. ಕನ್ನಡದಲ್ಲಿ ಎರಡು ಸಾಲಿನ ವಿವರಣೆಯನ್ನು ತಂತ್ರಾಂಶವೇ ಕೊಟ್ಟಿದ್ದರೆ ಈ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ. ಐಫೋನ್‌ಗಳಿಂದ ಸಿಗ್ನಲ್‌ನ ಇಷ್ಟು ವಿವರ ಸಿಗದು. ನಮ್ಮಲ್ಲಿ ಅವು ಕಚೇರಿಗಷ್ಟೇ ಸೀಮಿತವಾಗಿರುವುದರಿಂದ ತೊಂದರೆಯಾಗಿಲ್ಲ.

ಹಲವು ಆಕ್ಸೆಸ್ ಪಾಯಿಂಟ್‌ಗಳೂ ಪಾಳಿಯ ಪ್ರಕಾರ ಕೈ ಬದಲಾಗುವ ಫೋನ್‌ಗಳೂ ಇರುವ ಗಿರಣಿಗೆ ಈ ತಂತ್ರಾಂಶವನ್ನು, ಮೇಲಿನ ತಿದ್ದುಪಡಿಗಳೊಂದಿಗೆ, ಐದಕ್ಕೆ ಮೂರೂವರೆ ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ. ಒಂದೇ ರೂಟರ್ ಇರುವ ಅಂಗಡಿಯವರು ಪ್ರತಿ ಫೋನ್‌ಗೆ ತಿಂಗಳ ಬಾಡಿಗೆ ಕಟ್ಟುವ ಅಗತ್ಯವಿಲ್ಲ. ಯುಬಿಕ್ವಿಟಿಯವರ ವೈಫೈಮ್ಯಾನ್ ಆಪ್ ಉಚಿತವಾಗಿ ಸಿಗುತ್ತದೆ, ಅದನ್ನು ತೆರೆದುಕೊಂಡು ಅಂಗಡಿಯೊಳಗೆ ಒಮ್ಮೆ ಓಡಾಡಿದರೆ ಸಿಗ್ನಲ್ ಎಲ್ಲಿ ಬೀಳುತ್ತದೆಂದು ತಿಳಿಯುತ್ತದೆ.