ಗುಲ್ಮಾರ್ಗ್‌ನಲ್ಲಿ ಸ್ಕೀಗೆ ಬೈಂಡಿಂಗ್ ಹಾಕಿಸಿದ್ದು: ಕೆಲಸ ಹೇಗಿತ್ತು?

ಕುಂಬಳೆ, ಮಂಜೇಶ್ವರ ಕಡೆಯಿಂದ ಸ್ಕೀ ಮಾಡಲು ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟವರು ಇದನ್ನು ಓದಿ. ನನ್ನ ಫ್ರೀಸ್ಟೈಲ್ (ಹಾರಿ ಕಸರತ್ತು ಮಾಡುವ) ಸ್ಕೀಗೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಹಾಕಿಸಿದ್ದು ಅಲ್ಲಿನ ಒಂದು ಸಣ್ಣ ಬಾಡಿಗೆ ಅಂಗಡಿಯಲ್ಲಿ. ಕೆಲಸ ತುಂಬಾ ಚೆನ್ನಾಗಿದೆ.

ಅವರು ಸೀದಾ ಡ್ರಿಲ್ ಎತ್ತಿಕೊಳ್ಳಲಿಲ್ಲ. ಪಾರ್ಕಿನಲ್ಲಿ (ಹಾರಲೆಂದೇ ಹಿಮದ ದಿಬ್ಬ ಕಟ್ಟಿದ ಜಾಗ) ಹಾರೋದು ಜಾಸ್ತಿನಾ, ಹೊಸ ಹಿಮದಲ್ಲಿ ಇಳಿಯೋದು ಜಾಸ್ತಿನಾ ಅಂತ ಮೊದಲು ಕೇಳಿದರು. ಕೇಳಬೇಕಾದ್ದೇ ಅದು ಅಲ್ವಾ? ಬೈಂಡಿಂಗನ್ನು ಸ್ಕೀಯ ನಟ್ಟನಡುವೆ ಕೂರಿಸಿದರೆ ಎರಡೂ ತುದಿ ಸಮತೂಕದಲ್ಲಿರುತ್ತವೆ, ಗಾಳಿಯಲ್ಲಿ ತಿರುಗೋದು, ಹಿಮ್ಮುಖವಾಗಿ ಜಾರೋದು ಎರಡೂ ಸಲೀಸು, ಆದರೆ ಗುಲ್ಮಾರ್ಗ್‌ನ ಆಳದ ಪುಡಿ ಹಿಮದಲ್ಲಿ ಮುಂದಿನ ತುದಿ ಮುಳುಗಿ ತೊಡೆಗೆ ಸಾಕುಸಾಕಾಗುತ್ತದೆ. ನನಗೆ ಎರಡೂ ಬೇಕಿತ್ತು. ಹಾಗಾಗಿ ನಡುವಿನಿಂದ 4 ಸೆಂ.ಮೀ. ಹಿಂದಕ್ಕೆ ಹಾಕಿಸಿದೆ. ಪೂರ್ತಿ ಪಾರ್ಕಿಗೇ ಆದರೆ 0ಯಿಂದ 2 ಸೆಂ.ಮೀ. ಹಿಂದಕ್ಕೆ ಸಾಕು.

ಸ್ಕೀ ಮೇಲೆ ಟೇಪ್ ಅಂಟಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಬೂಟಿನ ಪಕ್ಕದ ನಡುಗೆರೆಯನ್ನು ಅದಕ್ಕೆ ಕೂಡಿಸಿ, ಎರಡೆರಡು ಸಲ ಅಳೆದು, ಆಮೇಲೇ ತೂತು ಕೊರೆದರು. ಪ್ರತಿ ತೂತಿಗೂ ಅಂಟು ಬಿಟ್ಟು ಸ್ಕ್ರೂ ಬಿಗಿದರು. ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ, ಕಾಸರಗೋಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ!

ಒಂದೇ ಬೇಜಾರು: ಬಿದ್ದಾಗ ಬೂಟು ಎಷ್ಟು ಬಲಕ್ಕೆ ಬೈಂಡಿಂಗ್‌ನಿಂದ ಕಳಚಬೇಕು ಅನ್ನೋ ಬಿಗಿತ, ಅದೇ ಡಿನ್ ಸಂಖ್ಯೆ, ರಸೀದಿಯಲ್ಲಿ ಬರೆದಿರಲಿಲ್ಲ, ನಾನೇ ಕೇಳಿ ಬರೆಸಿಕೊಂಡೆ. ನೀವೂ ಕೇಳಿ. ಎಲ್ಲಿ ಹಾಕಿಸೋದು ಅಂತ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಸುಮ್ನೆ ಕೊರೆಸಬೇಡಿ, ಹಿಂದೆ ಮುಂದೆ ಸರಿಸಬಹುದಾದ ಡೆಮೊ ಬೈಂಡಿಂಗ್ ತಗೊಳ್ಳಿ, ತೂಕ ಸ್ವಲ್ಪ ಜಾಸ್ತಿ ಅಷ್ಟೇ.